ಬ್ಲೂಟೂತ್ ಒಬಿಡಿ ಸ್ಕ್ಯಾನರ್: ವರ್ಷ ದಾಟಿದ ಬಳಕೆ, ಗ್ರಾಫ್‌ಗಾಗಿ ನಾಲ್ಕು ನಕ್ಷತ್ರ

ಕಾರಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದರೆ, ಕಾರಿನ ಕಂಪ್ಯೂಟರ್‌ಗಳು ಬರೆದಿಟ್ಟ ದೋಷದ ಕೋಡ್‌ಗಳನ್ನು ಮೊಬೈಲಿನಲ್ಲಿ ತೋರಿಸುವ ಸಾಧನವಿದು. ಈ ಸ್ಕ್ಯಾನರಿನ ಆ್ಯಪ್‌ನಲ್ಲಿ ‘ಸಂಭವನೀಯ ಪರಿಹಾರ’ ಎಂಬ ಪುಟವೊಂದಿದೆ. ಅದನ್ನು ಬರೆದವರು ಬಿಡಿಭಾಗಗಳ ಅಂಗಡಿ ಇಟ್ಟಿರಬೇಕೆಂದು ನನ್ನ ಅನುಮಾನ. ಯಾವ ಕೋಡ್ ಬಂದರೂ ಸಲಹೆ ಒಂದೇ: ಬದಲಿಸಿ. ನನ್ನ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ದೀಪ ಹೊತ್ತಿಕೊಂಡಾಗ ಗ್ಯಾರೇಜಿನವರೂ ಅದೇ ದಾರಿ ಹಿಡಿದಿದ್ದರು. ಮೊದಲು ಟರ್ಬೈನ್ ಸ್ಪೀಡ್ ಸೆನ್ಸರ್, ಅಂದರೆ ಗೇರ್‌ಬಾಕ್ಸಿಗೆ ಬರುವ ತಿರುಗುವಿಕೆಯ ವೇಗ ಅಳೆಯುವ ಭಾಗ, ಹೊಸದಾಯಿತು. ನಂತರ ಶಿಫ್ಟ್ ಸೋಲೆನಾಯ್ಡ್ (ಗೇರ್ ಬದಲಿಸಲು ಎಣ್ಣೆಯನ್ನು ನಿಯಂತ್ರಿಸುವ ವಿದ್ಯುತ್ ಕವಾಟ), ಜೊತೆಗೆ ಗೇರ್ ಎಣ್ಣೆ. ಪ್ರತಿ ಸಲವೂ ದೀಪ ಆರಿ, ಕೆಲವು ದಿನಗಳಲ್ಲಿ ಮತ್ತೆ ಹೊತ್ತಿ, ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಂದು ಬಿಲ್ ಕೈಗೆ ಬರುವ ಮೊದಲು ಈ ಸಾಧನ ಕೊಂಡೆ.

ಅಗ್ಗದ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕಂಪ್ಯೂಟರನ್ನು ಮಾತ್ರ ವಿಚಾರಿಸುತ್ತವೆ. ಅಲ್ಲಿ ಸಿಗುವುದು ಪಿ0700. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ದಾಖಲಾಗಿದೆ, ದೀಪ ಹೊತ್ತಿಸು ಎಂದಷ್ಟೇ ಅದರ ತಾತ್ಪರ್ಯ. ಅಸಲಿ ದೂರನ್ನು ಗೇರ್‌ಬಾಕ್ಸ್ ಕಂಪ್ಯೂಟರಿನಿಂದಲೇ ಓದಬೇಕು. ಇದು ಮಧ್ಯಮ ದರ್ಜೆಯ ಸಾಧನವಾದ್ದರಿಂದ ಅಲ್ಲಿಯವರೆಗೂ ಹೋಗುತ್ತದೆ. ಸಿಕ್ಕಿದ್ದು ಪಿ0715. ಟರ್ಬೈನ್ ಸೆನ್ಸರ್ ಮಾತ್ರವಲ್ಲ, ಅದರ ತಂತಿ, ಕನೆಕ್ಟರ್, ಕಂಪ್ಯೂಟರಿನ ಒಳಭಾಗ ಎಲ್ಲವೂ ಆ ಕೋಡಿನ ವ್ಯಾಪ್ತಿಯಲ್ಲಿವೆ. ಅವುಗಳ ಪೈಕಿ ಬದಲಾಗಿದ್ದದ್ದು ಸೆನ್ಸರ್ ಒಂದೇ.

ಮೊದಮೊದಲು ಸಾಧನದ ಮೇಲೂ ಸಿಟ್ಟಿತ್ತು. ಬ್ಲೂಟೂತ್ ಒಂದೇ ಸಲಕ್ಕೆ ಜೋಡಣೆಯಾದರೆ ಅಂದು ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳಬೇಕು. ಕೋಡ್ ಅಳಿಸುವ ಗುಂಡಿಯನ್ನು ಪರದೆಯ ನಡುವೆ ದಪ್ಪಗೆ ಇಟ್ಟಿದ್ದಾರೆ. ಅದನ್ನು ಒತ್ತಿದರೆ ಫ್ರೀಜ್ ಫ್ರೇಮ್ ಕೂಡ, ಅಂದರೆ ದೋಷ ಕಾಣಿಸಿದ ಕ್ಷಣದ ವೇಗ, ತಾಪ, ಎಂಜಿನ್ ಮೇಲಿನ ಹೊರೆಯ ದಾಖಲೆಯೂ ಅಳಿಸಿಹೋಗುತ್ತದೆ. ಆ ಎಚ್ಚರಿಕೆ ಎಲ್ಲಿಯೂ ಇಲ್ಲ. ಗ್ಯಾರೇಜಿನಲ್ಲಿ ಪ್ರತಿ ಸಲ ಮೊದಲು ಒತ್ತುತ್ತಿದ್ದದ್ದು ಇದೇ ಗುಂಡಿಯನ್ನು.

ನನ್ನ ಮನಸ್ಸು ಮೆತ್ತಗಾದದ್ದು ಲೈವ್ ಡೇಟಾ ಗ್ರಾಫಿನಿಂದ. ಈಗಲೂ ಬೆಳಿಗ್ಗೆ ಎಂಜಿನ್ ಎಬ್ಬಿಸುವ ಮೊದಲು ಸ್ಟಿಯರಿಂಗ್ ಕೆಳಗೆ ಕೈ ತೂರಿಸಿ, ಬೆರಳಿನಿಂದಲೇ 16 ಪಿನ್ನಿನ ಸಾಕೆಟ್ ಹುಡುಕಿ ಇದನ್ನು ಸಿಕ್ಕಿಸುತ್ತೇನೆ. ಬ್ಯಾಟರಿ ವೋಲ್ಟೇಜ್ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಬ್ಯಾಟರಿ ಸೊರಗಿದ್ದರೆ ಈ ಕಂಪ್ಯೂಟರ್‌ಗಳು ಇಲ್ಲದ ದೋಷಗಳನ್ನೂ ಬರೆದುಕೊಳ್ಳುವುದುಂಟು. ಆಮೇಲೆ ಮೂರು ಗೆರೆಗಳು: ಎಂಜಿನ್ ಆರ್‌ಪಿಎಂ, ಟರ್ಬೈನ್ ಆರ್‌ಪಿಎಂ, ಗೇರ್ ಎಣ್ಣೆಯ ತಾಪ. ರೆಕಾರ್ಡಿಂಗ್ ಒತ್ತಿ ಮೊಬೈಲನ್ನು ಪಕ್ಕಕ್ಕಿಡುತ್ತೇನೆ, ನೋಡುವುದೇನಿದ್ದರೂ ಗಾಡಿ ನಿಲ್ಲಿಸಿದ ಮೇಲೆ. ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆದ ಗಳಿಗೆಯಲ್ಲಿ ಎಂಜಿನ್ ಗೆರೆಯೂ ಟರ್ಬೈನ್ ಗೆರೆಯೂ ಒಂದರ ಮೇಲೊಂದು ಕೂತುಬಿಡುತ್ತವೆ. ಅದನ್ನು ನೋಡುವ ಸುಖ ನನ್ನ ಮನೆಯವರಿಗೆ ಇನ್ನೂ ಅರ್ಥವಾಗಿಲ್ಲ.

ಅಂಥದ್ದೊಂದು ರೆಕಾರ್ಡಿಂಗ್‌ನಲ್ಲಿ, ಎಣ್ಣೆ ಚೆನ್ನಾಗಿ ಬಿಸಿಯೇರಿದ ಮೇಲೆ, ಟರ್ಬೈನ್ ಗೆರೆ ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಮೇಲೆದ್ದಿತ್ತು. ಎಂಜಿನ್ ಗೆರೆ ಕದಲಿರಲಿಲ್ಲ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಜಾರಿದರೆ ಟರ್ಬೈನ್ ವೇಗ ಏರಬಹುದು, ಆದರೆ ಗೇರಿನಲ್ಲಿ ಓಡುತ್ತಿರುವ ಗಾಡಿಯಲ್ಲಿ ಟರ್ಬೈನ್ ಕ್ಷಣಾರ್ಧ ನಿಂತು ಮತ್ತೆ ಅದೇ ವೇಗಕ್ಕೆ ಬರುವುದು ಸಾಧ್ಯವೇ ಇಲ್ಲ. ಕಡಿದದ್ದು ಸಿಗ್ನಲ್.

ಬೇರೊಬ್ಬ ಆಟೊ ಎಲೆಕ್ಟ್ರಿಷಿಯನ್‌ಗೆ ಅದನ್ನು ತೋರಿಸಿದೆ. ಅವರು ಸ್ಪ್ಯಾನರ್ ಮುಟ್ಟದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದಾಗಲೇ ಗೇರ್‌ಬಾಕ್ಸಿನ ವೈರಿಂಗ್ ಹಿಡಿದು ಮೆಲ್ಲಗೆ ಅಲುಗಾಡಿಸಿದರು. ನಿಂತಲ್ಲೇ ಗೆರೆ ಬಿತ್ತು! ಕನೆಕ್ಟರ್ ಬಿಚ್ಚಿದರೆ ಒಳಗೆ ಎಣ್ಣೆಯ ಪಸೆ, ಒಂದು ಪಿನ್ನಿನ ಹಿಡಿತ ಸಡಿಲ. ಹೊಸ ಸೆನ್ಸರಿನ ಸಿಗ್ನಲ್ ಕೂಡ ಅದೇ ಸಡಿಲ ಪಿನ್ನಿನ ಮೂಲಕವೇ ಹೋಗುತ್ತಿತ್ತು. ಪಿನ್, ಸೀಲ್ ಎರಡೂ ಹೊಸದಾದ ಮೇಲೆ ಪಿ0715 ತಲೆ ಹಾಕಿಲ್ಲ.

ಒಂದು ಮಾತು: ದುರಸ್ತಿಯಾದರೂ ‘ಪರ್ಮನೆಂಟ್’ ಪಟ್ಟಿಯಲ್ಲಿ ಕೋಡ್ ಉಳಿದರೆ ಗಾಬರಿಯಾಗಬೇಡಿ. ಅದನ್ನು ಯಾವ ಸ್ಕ್ಯಾನರಿನಿಂದಲೂ ಅಳಿಸಲಾಗದು, ಬ್ಯಾಟರಿ ಕಳಚಿದರೂ ಹೋಗದು. ಕಾರು ಓಡುವಾಗ ಕಂಪ್ಯೂಟರ್ ತನ್ನ ಪರೀಕ್ಷೆಯನ್ನು ತಾನೇ ಮತ್ತೆ ನಡೆಸಿ, ತೃಪ್ತಿಯಾದ ಮೇಲೆ ತೆಗೆಯುತ್ತದೆ. ಆ್ಯಪ್ ಮಾತ್ರ ಅಲ್ಲಿಯವರೆಗೂ ಅದನ್ನು ಕೆಂಪಕ್ಷರದಲ್ಲಿ ತೋರಿಸಿ, ಪಕ್ಕದಲ್ಲೇ ಸೆನ್ಸರ್ ಬದಲಿಸಲು ಹೇಳುತ್ತಿತ್ತು.

ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಐದನೆಯದನ್ನು ತಡೆದದ್ದು ಚಂದಾ. ಸೋಲೆನಾಯ್ಡ್ ಬದಲಿಸಿದವರು ಅಡಾಪ್ಟೇಷನ್ ರೀಸೆಟ್, ಅಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟ ಹಳೆಯ ಹೊಂದಾಣಿಕೆಯನ್ನು ಅಳಿಸುವ ಕೆಲಸ, ಮಾಡದೆ ಬಿಟ್ಟಿದ್ದರು. ಹಳೆಯ ಸೋಲೆನಾಯ್ಡಿಗೆ ಹೊಂದಿಸಿದ ಒತ್ತಡದ ಲೆಕ್ಕವೇ ಉಳಿದು ಗೇರ್ ಬದಲಾಗುವಾಗ ಗಾಡಿ ಕುಲುಕುತ್ತಿತ್ತು. ಉಚಿತ ಅವಧಿಯಲ್ಲಿ ಆ ಕೆಲಸ ಇದರಿಂದಲೇ ಮುಗಿಸಿಕೊಂಡೆ. ಈಗ ಅದೇ ಸೌಲಭ್ಯಕ್ಕೆ ಪ್ರತಿ ವರ್ಷ ಹಣ ಕಟ್ಟಬೇಕಂತೆ. ವರ್ಷಕ್ಕೊಮ್ಮೆಯೂ ಬೇಕಾಗದ ಕೆಲಸಕ್ಕೆ ನಾನಂತೂ ಕಟ್ಟುವುದಿಲ್ಲ. ಗ್ರಾಫ್ ಸದ್ಯಕ್ಕೆ ಉಚಿತ. ಅದಕ್ಕೂ ಚಂದಾ ಕೇಳಿದರೆ ನಾಲ್ಕು ನಕ್ಷತ್ರ ಎರಡಾಗುತ್ತದೆ.