ನನ್ನೊಂದಿಗೆ ಎಂಟು ಮಳೆಗಾಲ ಕಂಡ ಜೀಪು, ಲೀಟರಿಗೆ 9 ಕಿಲೋಮೀಟರ್

ಆಗುಂಬೆ ಕಡೆಯ ನಮ್ಮ ಮನೆಗೆ ಡಾಂಬರು ರಸ್ತೆ ಮುಗಿದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ಏರು. ಮಳೆಗಾಲದಲ್ಲಿ ಆ ಏರಿನ ಬುಡಕ್ಕೆ ಬಂದಾಗಲೆಲ್ಲ ಜೀಪು ನಿಲ್ಲಿಸಿ ಇಳಿಯುತ್ತೇನೆ. ಮುಂದಿನ ಎರಡೂ ಚಕ್ರಗಳ ನಡುವಿನ ಹಬ್ ಅನ್ನು ಕೈಯಿಂದ ತಿರುಗಿಸಿದರೆ ಟಕ್ ಎಂದು ಕೂರುತ್ತದೆ, ಆ ಚಕ್ರಗಳೂ ಎಳೆಯಲು ಸಿದ್ಧ. ಮತ್ತೆ ಹತ್ತಿ, ಕಾಲಿಗೆ ಕಚ್ಚಿದ ಉಂಬಳ ಕಿತ್ತೆಸೆದು, ಚಿಕ್ಕ ಲಿವರನ್ನು ಲೋ ಗೇರಿಗೆ ಎಳೆಯುತ್ತೇನೆ, ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ, ಮರ ಹತ್ತುವ ಮೂವರು ಕೊನೆಗಾರರು, ಎಲ್ಲವನ್ನೂ ಹೊತ್ತು ಅದು ಆಮೆಯಂತೆ ಹತ್ತುತ್ತದೆ, ಜಾರುವುದಿಲ್ಲ. ಅಡಿಕೆಗೆ ಕೊಳೆರೋಗ ಕಾಣಿಸುವ ಮೊದಲೇ ತೋಟಕ್ಕೆ ಔಷಧಿ ತಲುಪಬೇಕಾದವನಿಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ಟಾಪು ಸೋರುತ್ತದೆ, ಸ್ಟೇರಿಂಗ್ ಭಾರ. ಅದೆಲ್ಲ ಒಗ್ಗಿಹೋಯಿತು.

ಕಳೆದ ವರ್ಷ ಹೊಸದನ್ನು ನೋಡಲು ಶಿವಮೊಗ್ಗಕ್ಕೆ ಹೋದೆ. ಎತ್ತರದ ಮೈಕಟ್ಟು, ಹಿಂಬದಿಯಲ್ಲಿ ಸ್ಟೆಪ್ನಿ. ಕೆಳಗೆ ಬಗ್ಗಿ ನೋಡಿದರೆ ಎಳೆಯುವುದು ಮುಂದಿನ ಎರಡೇ ಚಕ್ರ. "ಸರ್, ಮೈಲೇಜ್ ನೋಡಿ" ಎಂದ ಶೋರೂಮಿನ ಹುಡುಗ. ನನಗೆ ಸಿಟ್ಟು ಬಂತು, ಆದರೆ ಅವನ ಮೇಲಲ್ಲ.

ಸಿಟ್ಟು ಕಾರಿನ ಹೊಗೆಯ ನಿಯಮದ ಮೇಲೆ. ನಮ್ಮ ದೇಶದಲ್ಲಿ ಅದು 2022-23ರಿಂದ ಬಿಗಿಯಾಗಿದೆ. ಕಂಪನಿ ಮಾರುವ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ ಸುಮಾರು 113 ಗ್ರಾಂ ಮೀರಬಾರದು. ಪೆಟ್ರೋಲಿನಲ್ಲಿ ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 20-21 ಕಿಲೋಮೀಟರ್. ನನ್ನ ಜೀಪು ಉಗುಳುವುದು ಅದರ ಎರಡು ಪಟ್ಟಿಗಿಂತ ಹೆಚ್ಚು. ಇಂಥ ಒಂದೊಂದು ಗಾಡಿಯೂ ಕಂಪನಿಯ ಸರಾಸರಿಯನ್ನು ಕೆಡಿಸುತ್ತದೆ. ಯುರೋಪಿನಲ್ಲಿ ಇಂಥದೇ ನಿಯಮದಿಂದಾಗಿ ಸುಜುಕಿ ಜಿಮ್ನಿ ಎಂಬ ಇಂಥದೇ ಪುಟ್ಟ ಜೀಪು ಕಾರುಗಳ ಪಟ್ಟಿಯಿಂದ ಹೊರಬಿದ್ದು, ಹಿಂದಿನ ಸೀಟು ಕಳಚಿ, ಸರಕು ವಾಹನವಾಗಿ 2021ರಲ್ಲಿ ಮರಳಿತು.

ನಿಯಮವೇ ಬೇಡ ಎನ್ನಲಾರೆ. ಮಳೆಯ ಲಯ ತಪ್ಪಿದರೆ ಏನಾಗುತ್ತದೆಂದು ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಲೆಕ್ಕ ಒಂದು ಕಿಲೋಮೀಟರಿಗೆ ಎಷ್ಟು ಹೊಗೆ ಎಂದು ಕೇಳುತ್ತದೆ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಿಲ್ಲ. ನನ್ನ ಜೀಪು ವರ್ಷಕ್ಕೆ ಓಡುವುದು 4,000 ಕಿಲೋಮೀಟರ್, ಕುಡಿಯುವುದು 450 ಲೀಟರಿನೊಳಗೆ. ಲೀಟರಿಗೆ 20 ಕೊಡುವ ಕಾರು 15,000 ಓಡಿದರೆ 750 ಲೀಟರ್ ಬೇಕು. ಕೆಸರಿನ ಏರಿನ ಮೇಲೆ ಬದುಕುವವರಿಗಾಗಿ, ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಗಾಡಿಗಳಿಗೆ ಬೇರೆ ಅಳತೆ ಇರಲಿ ಎಂದಷ್ಟೇ ನನ್ನ ಬೇಡಿಕೆ.

ಮನೆಬಾಗಿಲಿಗೆ ಡಾಂಬರು ಇದ್ದವರು ಇಂಥ ಜೀಪು ಕೊಳ್ಳಬೇಡಿ, ಪೆಟ್ರೋಲ್ ಖರ್ಚು ಹಿಂಡುತ್ತದೆ. ನನ್ನದರ ನೋಂದಣಿ 2028ಕ್ಕೆ ಮುಗಿಯುತ್ತದೆ, ನವೀಕರಿಸುತ್ತೇನೆ. ತೀರ್ಥಹಳ್ಳಿಯ ಮೆಕ್ಯಾನಿಕ್ ಹತ್ತಿರ ಹಳೆಯ ಹಬ್ ಒಂದು ಜೊತೆ ಸಿಕ್ಕಿತು. ಗ್ರೀಸ್ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.