ಎರಡು ಡ್ರೈವ್‌ಗಳನ್ನು ಒಂದಾಗಿಸಿ ಅಜ್ಜನ ದನಿ ಕಳೆದುಕೊಂಡೆ: ಗೇಮಿಂಗ್ ಕಂಪ್ಯೂಟರ್ ಜೋಡಿಸುವವರಿಗೆ ಒಂದು ಎಚ್ಚರಿಕೆ

ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರು, ಅದರಲ್ಲೂ ಎರಡು ಡ್ರೈವ್‌ಗಳನ್ನು ರೇಡ್ 0 ಮಾಡಿ ಒಂದೇ ದೊಡ್ಡ ಡ್ರೈವ್‌ನಂತೆ ಬಳಸಬೇಕೆಂದಿರುವವರು, ದಯವಿಟ್ಟು ಇದನ್ನು ಓದಿ ಆಮೇಲೆ ನಿರ್ಧರಿಸಿ. ನಾನು ಹಾಗೆ ಮಾಡಿದ್ದರಿಂದ ನನ್ನ ಅಜ್ಜನ 40 ಗಂಟೆಗಳ ಧ್ವನಿಮುದ್ರಣ ಹೋಯಿತು. ಅದು ಮರಳಿ ಬರುವುದಿಲ್ಲ.

2020ರ ಕೊನೆಯಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೊಂದೇ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿದೆ. ಮದರ್‌ಬೋರ್ಡ್‌ನಲ್ಲಿ ಡ್ರೈವ್‌ಗಳಿಗೆಂದು ಎರಡು ಎಂ.2 ಸ್ಲಾಟ್ (ಬೋರ್ಡ್‌ಗೇ ನೇರವಾಗಿ ಸಿಕ್ಕಿಸುವ ಜಾಗ), ಆರು ಸಾಟಾ ಪೋರ್ಟ್ (ಕೇಬಲ್‌ನಿಂದ ಜೋಡಿಸುವ ಜಾಗ) ಇದ್ದವು. ವಿಂಡೋಸ್‌ಗೆಂದು 250 ಜಿಬಿಯ ಸಣ್ಣ ಎನ್‌ವಿಎಂಇ ಡ್ರೈವ್ (ಎಂ.2 ಸ್ಲಾಟ್‌ಗೆ ಹಾಕುವ, ಸಾಟಾಗಿಂತ ವೇಗದ ಬಗೆ) ಹಾಕಿದೆ. ಆಟಗಳಿಗೆ 2 ಟಿಬಿ ಬೇಕಿತ್ತು. 2 ಟಿಬಿಯ ಒಂದು ಎಸ್‌ಎಸ್‌ಡಿಗಿಂತ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್) 1 ಟಿಬಿಯ ಎರಡು ಸಾಟಾ ಎಸ್‌ಎಸ್‌ಡಿಗಳು ಆ ದಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕವು. ಎರಡನ್ನೂ ಸೇರಿಸಿದರೆ ವೇಗ ದುಪ್ಪಟ್ಟಾಗುತ್ತದೆ ಎಂದು ಓದಿದ್ದೆ. ಬಯೋಸ್‌ಗೆ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಸಾಟಾ ಪೋರ್ಟ್‌ಗಳನ್ನು ರೇಡ್ ಕ್ರಮಕ್ಕೆ ಬದಲಿಸಿದೆ, 128 ಕೆಬಿಯ ಪಟ್ಟಿ ಆರಿಸಿಕೊಂಡೆ, ವಿಂಡೋಸ್‌ನಲ್ಲಿ ಒಂದೇ ಡಿ ಡ್ರೈವ್ ಮೂಡಿತು. ಪಟ್ಟಿ ಎಂದರೆ ಇಷ್ಟೇ: ಫೈಲಿನ ಮೊದಲ 128 ಕೆಬಿ ಒಂದು ಡ್ರೈವ್‌ಗೆ, ಮುಂದಿನ 128 ಕೆಬಿ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೇಗ ಅಳೆಯುವ ತಂತ್ರಾಂಶ ಓಡಿಸಿದಾಗ ಸೆಕೆಂಡಿಗೆ 1,000 ಎಂಬಿ ದಾಟಿದ್ದನ್ನು ಕಂಡು ತುಂಬ ಖುಷಿಪಟ್ಟೆ. ಒಂಟಿ ಸಾಟಾ ಎಸ್‌ಎಸ್‌ಡಿ 550ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಆಟ ತೆರೆಯಲು ಹಿಡಿಯುವ ಸಮಯವನ್ನು ಮೊಬೈಲ್ ಹಿಡಿದು ಅಳೆದಾಗ ಮೊದಲು 34 ಸೆಕೆಂಡು, ಜೋಡಿಸಿದ ಮೇಲೆ 32. ಎರಡೇ ಸೆಕೆಂಡಿನ ಲಾಭ. ಇದಕ್ಕೆ ಕಾರಣ ಕಷ್ಟದ್ದೇನಲ್ಲ. 550 ಎಂಬ ಅಂಕಿ ಒಂದು ದೊಡ್ಡ ಫೈಲನ್ನು ತಲೆಯಿಂದ ಬಾಲದವರೆಗೆ ಒಂದೇ ಓಟದಲ್ಲಿ ಓದುವಾಗಿನದು. ಆಟ ತೆರೆದುಕೊಳ್ಳುವಾಗ ಡ್ರೈವ್ ಅಲ್ಲೊಂದು ಇಲ್ಲೊಂದು ಸಣ್ಣ ತುಣುಕುಗಳನ್ನು ಹೆಕ್ಕುತ್ತಿರುತ್ತದೆ. ಹೆಕ್ಕಿದ್ದನ್ನು ಪ್ರೊಸೆಸರ್ ಬಿಚ್ಚಿ ಹರಡಬೇಕು. ಒಂದೊಂದು ತುಣುಕಿಗೆ ಕಾಯುವ ಹೊತ್ತು ಡ್ರೈವ್‌ಗಳನ್ನು ಸೇರಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ವೇಗವೇ ಬೇಕಿದ್ದರೆ ಪಿಸಿಐಇ 3.0 ಸಂಪರ್ಕದ ಒಂದೇ ಒಂದು ಒಳ್ಳೆಯ ಎನ್‌ವಿಎಂಇ ಡ್ರೈವ್ 3,500 ಎಂಬಿವರೆಗೆ ಓದುತ್ತದೆ, 4.0 ಆದರೆ 7,000ದವರೆಗೆ. ನನ್ನ ಜೋಡಿ ಮೊದಲನೆಯದರ ಮೂರನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ಬೋರ್ಡ್‌ನ ಎರಡನೇ ಎಂ.2 ಸ್ಲಾಟ್ ಖಾಲಿಯೇ ಇತ್ತು.

ಇಲ್ಲಿಯವರೆಗೆ ನಷ್ಟವೇನೂ ಆಗಿರಲಿಲ್ಲ. ಆಟಗಳು ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಅನಾಹುತ ಶುರುವಾದದ್ದು ಆ ಡಿ ಡ್ರೈವ್‌ನಲ್ಲಿ ಆಟವಲ್ಲದ್ದನ್ನು ಇಟ್ಟಾಗ.

ನನ್ನ ಅಜ್ಜ ತಾಳಮದ್ದಳೆಯ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದ) ಅರ್ಥಧಾರಿ, ಅಂದರೆ ಪಾತ್ರದ ಮಾತನ್ನು ಆಡುವವರು. ಹೆಸರಾಂತ ಕಲಾವಿದರಲ್ಲ, ಅಡಿಕೆ ತೋಟದ ಕೆಲಸ ಮುಗಿಸಿ ಶಿರಸಿ, ಸಿದ್ದಾಪುರದ ಸುತ್ತಲಿನ ಊರುಗಳಿಗೆ ಹೋಗಿ ರಾತ್ರಿಯಿಡೀ ಅರ್ಥ ಹೇಳಿ ಬೆಳಗಿನ ಬಸ್ಸಿಗೆ ಮರಳುತ್ತಿದ್ದವರು. ಕರ್ಣನ ಪಾತ್ರವೆಂದರೆ ಅವರಿಗೆ ಪ್ರಾಣ. 1980ರ ದಶಕದಲ್ಲಿ ನಮ್ಮ ಮಾವ ಒಂದು ಟೇಪ್ ರೆಕಾರ್ಡರ್ ಹಿಡಿದು ಅವರ ಹಿಂದೆ ಓಡಾಡಿದ್ದರಿಂದ 90 ನಿಮಿಷದ 27 ಕ್ಯಾಸೆಟ್‌ಗಳು ಮನೆಯ ಅಟ್ಟದಲ್ಲಿ ಉಳಿದಿದ್ದವು. ಮಲೆನಾಡಿನ ಮಳೆಗೆ ಕೆಲವಕ್ಕೆ ಬೂಷ್ಟು ಹಿಡಿದಿತ್ತು. 2021ರ ದೀಪಾವಳಿಗೆ ಊರಿಗೆ ಹೋದಾಗ ಅವನ್ನು ಪೆಟ್ಟಿಗೆಯ ಸಮೇತ ತಂದೆ. ಹಳೆಯ ಡೆಕ್ ಒಂದನ್ನು ಕಂಪ್ಯೂಟರಿಗೆ ಜೋಡಿಸಿ, ಎರಡು ತಿಂಗಳು ಸಂಜೆ ಸಂಜೆ ಕುಳಿತು, ಒಂದೊಂದು ಬದಿಯನ್ನೂ ಓಡಿಸಿ ಮುದ್ರಿಸಿಕೊಂಡೆ. ಕ್ಯಾಸೆಟ್‌ನಿಂದ ಇಳಿಸುವುದಕ್ಕೆ ಅಡ್ಡದಾರಿ ಇಲ್ಲ. ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷ ಬೇಕೇ ಬೇಕು. ದನಿಯ ಗುಣ ಕೆಡಬಾರದೆಂದು ಕುಗ್ಗಿಸದೆ ವೇವ್ ಫೈಲ್‌ಗಳಾಗಿಯೇ ಉಳಿಸಿದೆ. ಎಲ್ಲ ಸೇರಿ ಸುಮಾರು 25 ಜಿಬಿ ಆಯಿತು.

ಅದನ್ನು ಡಿ ಡ್ರೈವ್‌ನಲ್ಲಿ ಇಟ್ಟೆ. ಅಲ್ಲಿ ಜಾಗವಿತ್ತು ಎಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ಇಂದಿನ ದೊಡ್ಡ ಆಟವೊಂದು 100 ಜಿಬಿ ದಾಟುವುದು ಸಾಮಾನ್ಯ. ಅಜ್ಜನ ಇಡೀ ಜೀವಮಾನದ ಮಾತು ಅದರ ಕಾಲು ಭಾಗ. 32 ಜಿಬಿಯ ಒಂದು ಪೆನ್ ಡ್ರೈವ್‌ಗೆ ಹಿಡಿಯುತ್ತಿತ್ತು. ಕ್ಯಾಸೆಟ್‌ಗಳನ್ನು ಊರಿಗೆ ಮರಳಿಸಿದ್ದೆ. ಮುಂದಿನ ಬೇಸಿಗೆಯಲ್ಲಿ ಊರಿನ ಮನೆ ರಿಪೇರಿ ಆಗುವಾಗ ಆಯಿ ಫೋನ್ ಮಾಡಿ, “ಎಲ್ಲ ಕಂಪ್ಯೂಟರಿಗೆ ಬಂತಲ್ಲ, ಈ ಕ್ಯಾಸೆಟ್ ಪೆಟ್ಟಿಗೆ ಇನ್ನು ಬೇಕೇನೋ?” ಎಂದು ಕೇಳಿದರು. “ಬೇಡ ಆಯಿ” ಎಂದೆ.

ಅದಾದ ಕೆಲವು ತಿಂಗಳಿಗೆ ಒಂದು ಮುನ್ಸೂಚನೆಯೂ ಸಿಕ್ಕಿತ್ತು. ಬಯೋಸ್ ಹೊಸದು ಮಾಡಿದಾಗ ಸಾಟಾ ವ್ಯವಸ್ಥೆ ತಾನಾಗಿ ರೇಡ್‌ನಿಂದ ಎಎಚ್‌ಸಿಐಗೆ (ಪ್ರತಿ ಡ್ರೈವನ್ನೂ ಬೇರೆಬೇರೆಯಾಗಿ ಕಾಣುವ ಮಾಮೂಲಿ ಕ್ರಮಕ್ಕೆ) ಮರಳಿತು. ಡಿ ಡ್ರೈವ್ ಮಾಯ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ, ಅದು ಹೊಸ ಡಿಸ್ಕ್ ಕಂಡಂತೆ “ಇನಿಶಿಯಲೈಸ್ ಮಾಡಲೇ?” ಎಂದು ಕೇಳಿತು. ನಿಮಗೂ ಈ ಪ್ರಶ್ನೆ ಎದುರಾದರೆ ಒಪ್ಪಿಗೆ ಕೊಡಲೇಬೇಡಿ. ಒತ್ತಿದ ಕ್ಷಣ ಅದು ಡಿಸ್ಕ್‌ನ ಆರಂಭದಲ್ಲಿ ಹೊಸ ವಿಭಾಗ ಪಟ್ಟಿಯನ್ನು ಬರೆದುಬಿಡುತ್ತದೆ. ನಾನು ರದ್ದು ಮಾಡಿ, ಬಯೋಸ್‌ಗೆ ಹೋಗಿ ಮತ್ತೆ ರೇಡ್ ಆರಿಸಿದೆ, ಎಲ್ಲವೂ ಮರಳಿತು. ಅಂದು ಸಂಜೆಯೇ ಅಜ್ಜನ ಫೈಲ್‌ಗಳನ್ನು ಬೇರೆಡೆಗೆ ನಕಲಿಸಬೇಕಿತ್ತು. ಸಮಾಧಾನದ ಉಸಿರು ಬಿಟ್ಟು ಆಟ ಮುಂದುವರಿಸಿದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

2023ರ ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಯುಪಿಎಸ್ ಇರಲಿಲ್ಲ. ಮರುದಿನ ಕಂಪ್ಯೂಟರ್ ಹಚ್ಚಿದಾಗ ಜೋಡಿಯ ಒಂದು ಡ್ರೈವ್ ಕಾಣುತ್ತಿಲ್ಲ ಎಂಬ ಸಂದೇಶ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಗೆಳೆಯನ ಕಂಪ್ಯೂಟರಿಗೆ ಹಾಕಿ ನೋಡಿದೆ. ಬಯೋಸ್‌ನಲ್ಲಿ ಅದರ ಹೆಸರೇ ಬರಲಿಲ್ಲ. ಎಸ್‌ಎಸ್‌ಡಿ ಸಾಯುವುದು ಹೀಗೆಯೇ. ಹಳೆಯ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಿ, ನಿಧಾನವಾಗಿ ಎಷ್ಟೋ ಸಲ ಮೊದಲೇ ಸುಳಿವು ಕೊಡುತ್ತದೆ. ಕಂಟ್ರೋಲರ್ (ಒಳಗಿನ ನಿಯಂತ್ರಕ ಚಿಪ್) ಕೆಟ್ಟ ಎಸ್‌ಎಸ್‌ಡಿ ಮಾತಿಲ್ಲದೆ ನಿಲ್ಲುತ್ತದೆ. ವಾರಂಟಿ ಇನ್ನೂ ಇತ್ತು, ಆದರೆ ವಾರಂಟಿ ಇರುವುದು ಡ್ರೈವ್‌ಗೆ, ಅದರೊಳಗಿದ್ದುದಕ್ಕಲ್ಲ.

ಡೇಟಾ ಮರಳಿ ತೆಗೆಯುವವರೊಬ್ಬರ ಬಳಿಗೆ ಎರಡೂ ಡ್ರೈವ್ ಒಯ್ದೆ. ಸತ್ತದ್ದರ ಮೇಲೆ ಹತ್ತು ದಿನ ಕೆಲಸ ಮಾಡಿ, ಆಗುವುದಿಲ್ಲ ಎಂದು ಕೈಚೆಲ್ಲಿದರು. “ಸರ್, ಈ ಇನ್ನೊಂದು ಡ್ರೈವ್ ಚೆನ್ನಾಗಿಯೇ ಇದೆ. ಆದರೆ ಇದರಲ್ಲಿರುವುದು ಅರ್ಧ ಮಾತ್ರ” ಎಂದರು. ಕಳೆದುಹೋದ ಡ್ರೈವ್‌ನ ಜಾಗದಲ್ಲಿ ಸೊನ್ನೆಗಳನ್ನು ತುಂಬಿ, ಒಂದು ಫೈಲನ್ನು ಕಟ್ಟಿ ಕೇಳಿಸಿದರು.

ಅಜ್ಜನ ದನಿಯೇ ಅದು. ಮುಕ್ಕಾಲು ಸೆಕೆಂಡು ದನಿ, ಮುಕ್ಕಾಲು ಸೆಕೆಂಡು ಮೌನ. ಮತ್ತೆ ಮುಕ್ಕಾಲು ಸೆಕೆಂಡು ದನಿ. ನಾನು ಉಳಿಸಿದ್ದ ವೇವ್ ಫೈಲ್ ಸೆಕೆಂಡಿಗೆ ಸುಮಾರು 176 ಸಾವಿರ ಬೈಟ್ ತಿನ್ನುತ್ತದೆ. ನಾನೇ ಆರಿಸಿದ್ದ 128 ಕೆಬಿ ಪಟ್ಟಿಯಲ್ಲಿ ಹಿಡಿಯುವುದು ಅಷ್ಟೇ. ಭಾಗವತರ ಪದ್ಯ ಎತ್ತಿದಲ್ಲೇ ಕತ್ತರಿಸಿ, ಮದ್ದಳೆಯ ಪೆಟ್ಟು ಬಿದ್ದು ಅದರ ಗುಂಗು ಇಲ್ಲದಾಗಿ, ಕರ್ಣನು ಕುಂತಿಗೆ ಹೇಳುವ ಮಾತಿನಲ್ಲಿ ಒಂದು ಪದ ಪೂರ್ತಿಯಾಗಿ ಕೇಳಿಸಲಿಲ್ಲ. 40 ಗಂಟೆಯೂ ಹೀಗೆಯೇ. ಅರ್ಧ ಕ್ಯಾಸೆಟ್‌ಗಳು ಹೋಗಿ ಅರ್ಧ ಉಳಿದಿದ್ದರೆ ಸಹಿಸಬಹುದಿತ್ತು. ರೇಡ್ 0 ಪ್ರತಿಯೊಂದು ವಾಕ್ಯವನ್ನೂ ಅರ್ಧ ಮಾಡಿತ್ತು.

ರೇಡ್ ಎಂಬ ಕಲ್ಪನೆಯನ್ನು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಅವರು ಮಂಡಿಸಿದಾಗ ಅದರಲ್ಲಿದ್ದುದು 1ರಿಂದ 5ರವರೆಗಿನ ಹಂತಗಳು. ಆ ಹೆಸರಿನ ಮೊದಲಕ್ಷರವೇ (‘ಆರ್’, ರಿಡಂಡೆಂಟ್) ಹೆಚ್ಚುವರಿ ಆಸರೆಯನ್ನು, ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವುದನ್ನು ಸೂಚಿಸುತ್ತದೆ. ಸೊನ್ನೆ ಎಂಬ ಹಂತದ ಹೆಸರು ಆಮೇಲೆ ಬಂದದ್ದು, ಮತ್ತು ಅದರಲ್ಲಿ ಆಸರೆ ನಿಜಕ್ಕೂ ಸೊನ್ನೆ. ಲೆಕ್ಕವನ್ನೂ ನೋಡಿ: ಒಂದು ಡ್ರೈವ್ ಕೆಡುವ ಸಾಧ್ಯತೆ ನೂರಕ್ಕೆ 5 ಎಂದು ಉದಾಹರಣೆಗೆ ಇಟ್ಟುಕೊಂಡರೆ, ಎರಡರಲ್ಲಿ ಒಂದಾದರೂ ಕೆಟ್ಟು ಎಲ್ಲವೂ ಹೋಗುವ ಸಾಧ್ಯತೆ ನೂರಕ್ಕೆ 9.75. ಎರಡು ಸೆಕೆಂಡು ಉಳಿಸಲು ನಾನು ಒಪ್ಪಿಕೊಂಡ ಬೆಲೆ ಇದು.

“ಹಾಗಾದರೆ ರೇಡ್ 1 ಮಾಡಿದರಾಯಿತು” ಎಂದು ಹಲವರು ಹೇಳಿದ್ದಾರೆ. ರೇಡ್ 1 ಎಂದರೆ ಒಂದು ಡ್ರೈವ್‌ನಲ್ಲಿ ಬರೆದದ್ದನ್ನೇ ಕನ್ನಡಿಯಂತೆ ಇನ್ನೊಂದರಲ್ಲೂ ಬರೆಯುವುದು. ಡ್ರೈವ್ ಕೆಟ್ಟಾಗ ಅದು ಉಳಿಸುತ್ತದೆ, ನಿಜ. ಆದರೆ ನೀವು ತಪ್ಪಿ ಅಳಿಸಿದ್ದನ್ನು ಅದು ಎರಡೂ ಕಡೆ ಅಳಿಸುತ್ತದೆ, ವೈರಸ್ ಕೆಡಿಸಿದ್ದನ್ನು ಎರಡೂ ಕಡೆ ಕೆಡಿಸುತ್ತದೆ. ಕನ್ನಡಿಯನ್ನು ನಕಲು ಎಂದು ಭಾವಿಸಬೇಡಿ.

ಈಗ ನನ್ನ ಕಂಪ್ಯೂಟರಿನಲ್ಲಿ ಪ್ರತಿ ಡ್ರೈವ್ ತನ್ನ ಕಾಲ ಮೇಲೆ ನಿಂತಿದೆ. ವಿಂಡೋಸ್‌ಗೆ ಒಂದು ಎನ್‌ವಿಎಂಇ, ಆಟಗಳಿಗೆ 2 ಟಿಬಿಯ ಇನ್ನೊಂದು. ಡ್ರೈವ್‌ಗಳು ಬೇರೆಬೇರೆಯಾದರೆ ಆಟಗಳನ್ನು ಹಂಚುವುದು ಕಿರಿಕಿರಿ ಎಂಬ ಭಯ ಬೇಡ. ಸ್ಟೀಮ್‌ನಲ್ಲಿ ಪ್ರತಿ ಡ್ರೈವ್‌ಗೂ ಒಂದು ಲೈಬ್ರರಿ ಇಟ್ಟುಕೊಂಡು, ಇಳಿಸಿದ ಆಟವನ್ನು ಅಲ್ಲಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟಿಸಬಹುದು. ಫೋಟೊ, ಧ್ವನಿ, ಕಾಗದಪತ್ರಗಳಿಗೆ ಒಂದು ಮಾಮೂಲಿ ಹಾರ್ಡ್ ಡಿಸ್ಕ್. ಅದರ ನಕಲು ಇನ್ನೊಂದು ಪೋರ್ಟಬಲ್ ಡಿಸ್ಕ್‌ನಲ್ಲಿ, ನಕಲಿಸುವಾಗ ಬಿಟ್ಟರೆ ಯಾವ ಯಂತ್ರಕ್ಕೂ ಸಿಕ್ಕಿಸುವುದಿಲ್ಲ. ಮೂರನೆಯದು ಹುಬ್ಬಳ್ಳಿಯಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ.

ಮರುಜೋಡಣೆಯ ವೇಳೆ ಇನ್ನೆರಡು ಕಡೆ ಎಡವಿದೆ, ಅದನ್ನೂ ಹೇಳುತ್ತೇನೆ. ಎರಡನೇ ಎಂ.2 ಸ್ಲಾಟ್‌ಗೆ ಡ್ರೈವ್ ಹಾಕಿದ ಕೂಡಲೇ ಹಾರ್ಡ್ ಡಿಸ್ಕ್ ಕಾಣದಾಯಿತು. ಎದೆ ಧಸಕ್ಕೆಂದಿತು. ಆ ಸ್ಲಾಟ್ ಬಳಸಿದರೆ 5 ಮತ್ತು 6ನೇ ಸಾಟಾ ಪೋರ್ಟ್‌ಗಳು ನಿಲ್ಲುತ್ತವೆ ಎಂದು ಬೋರ್ಡ್‌ನ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ಕೇಬಲನ್ನು 1ನೇ ಪೋರ್ಟ್‌ಗೆ ಬದಲಿಸಿದೆ, ಸರಿಹೋಯಿತು. ಹಲವು ಬೋರ್ಡ್‌ಗಳಲ್ಲಿ ಹೀಗಿದೆ, ಕೊಳ್ಳುವ ಮೊದಲೇ ಆ ಪುಟ ನೋಡಿ. ಇನ್ನೊಂದು, ಎಲ್ಲ ಡ್ರೈವ್‌ಗಳನ್ನೂ ಸಿಕ್ಕಿಸಿಕೊಂಡೇ ವಿಂಡೋಸ್ ಹಾಕಿದೆ. ಅದು ಬೂಟ್ ಭಾಗವನ್ನು ಹಾರ್ಡ್ ಡಿಸ್ಕ್‌ನಲ್ಲಿ ಬರೆದಿತ್ತು. ಮುಂದೆ ಆ ಡಿಸ್ಕ್ ತೆಗೆದಾಗ ಕಂಪ್ಯೂಟರ್ ಏಳಲೇ ಇಲ್ಲ. ವಿಂಡೋಸ್ ಹಾಕುವಾಗ ಅದರ ಡ್ರೈವ್ ಒಂದನ್ನೇ ಇಟ್ಟು ಉಳಿದವನ್ನು ಕಳಚಿ. ಪವರ್ ಸಪ್ಲೈ ಬದಲಿಸುವವರು ಹಳೆಯದರ ಬಿಡಿ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ: ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಸಲಕ್ಕೆ ಎಲ್ಲ ಡ್ರೈವ್‌ಗಳೂ ಸುಟ್ಟುಹೋಗಬಹುದು.

ಕಳೆದ ತಿಂಗಳು ಸಾಗರದ ಕಡೆಯ ಚಿಕ್ಕಮ್ಮನ ಮನೆಯಲ್ಲಿ ಅಜ್ಜನ ನಾಲ್ಕು ಕ್ಯಾಸೆಟ್‌ಗಳ ಪ್ರತಿ ಸಿಕ್ಕಿದೆ. ಎರಡು ಸ್ಪಷ್ಟವಾಗಿವೆ, ಮೂರೂ ಡಿಸ್ಕ್‌ಗಳಿಗೆ ಸೇರಿವೆ. ಆಗಿನ ಕಾಲದಲ್ಲಿ ಒಬ್ಬರು ಮುದ್ರಿಸಿದ್ದನ್ನು ಹತ್ತು ಮನೆಯವರು ನಕಲು ಮಾಡಿಸಿಕೊಳ್ಳುತ್ತಿದ್ದರು. ಶಿರಸಿ, ಸಿದ್ದಾಪುರ, ಸಾಗರದ ಸುತ್ತಲಿನವರ ಅಟ್ಟದಲ್ಲಿ ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳಿದ್ದರೆ, ಯಾರ ದನಿ ಎಂದು ಗೊತ್ತಿರದಿದ್ದರೂ ಪರವಾಗಿಲ್ಲ, ಎಸೆಯುವ ಮೊದಲು ನನಗೊಂದು ಮಾತು ತಿಳಿಸಿ. ಡೆಕ್ ಹಿಡಿದುಕೊಂಡು ನಾನೇ ಬರುತ್ತೇನೆ.