ಅಕ್ಕಿಯೋ ಹಕ್ಕಿಯೋ: ಗೊಂದಲದ ಪದಗಳ ಕಾರ್ಡ್ ಪೆಟ್ಟಿಗೆ ತಗೋಬಹುದಾ?

ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಈ ಪೆಟ್ಟಿಗೆ ಸಿಕ್ಕಿತು. ಬೆಲೆ 350 ರೂಪಾಯಿ. ಒಳಗೆ ಒಂದನ್ನೊಂದು ಹೋಲುವ ಪದಗಳ ಕಾರ್ಡು, ಖಾಲಿ ಜಾಗ ಬಿಟ್ಟ ವಾಕ್ಯಗಳ ಕಾರ್ಡು, ಒಂದು ತಿರುಗುವ ಚಕ್ರ, ಒಂದು ಸಣ್ಣ ಪುಸ್ತಕ. ನಾನು ರಾಮನಗರದ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಆರು, ಏಳನೇ ತರಗತಿಗೆ ಈ ವರ್ಷ ಇದನ್ನೇ ಆಡಿಸುತ್ತಿದ್ದೇನೆ. ವಾಕ್ಯದ ಕಾರ್ಡುಗಳಿಗೋಸ್ಕರವೇ ಇದನ್ನು ಕೊಳ್ಳಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಮನೆಮಾತಿನಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲಾಗುತ್ತೆ, ಹಕ್ಕಿ ಅಕ್ಕಿಯಾಗುತ್ತೆ. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ‘ಅಕ್ಕಿ ಆರೋಯ್ತು’ ಅಂದರೆ ಹಾರಿದ್ದು ಏನು ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಬರೆಯುವಾಗ ಮಾತ್ರ ಎಡವುತ್ತಾರೆ. ಇನ್ನು ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತಮುತ್ತಲಿಂದ ಬರುವ ಕೆಲವು ಮಕ್ಕಳ ಮನೆಮಾತು ಉರ್ದು. ಉರ್ದುವಿನಲ್ಲಿ ‘ಳ’ ಇಲ್ಲ. ಅವರಿಗೆ ಹಳ್ಳಿ-ಹಲ್ಲಿ, ಕೊಳೆ-ಕೊಲೆ ಕಷ್ಟ. ಒಂದೇ ಕ್ಲಾಸಿನಲ್ಲಿ ಎರಡು ಥರದ ತೊಡಕು. ಪೆಟ್ಟಿಗೆಯಲ್ಲಿ ಎರಡಕ್ಕೂ ಕಾರ್ಡುಗಳಿವೆ.

ಆಟ ಹೀಗೆ. ಒಂದು ಗೋಡೆಗೆ ‘ಮದ್ಯ’, ಎದುರು ಗೋಡೆಗೆ ‘ಮಧ್ಯ’ ಅಂಟಿಸಬೇಕು. ಒಬ್ಬರು ವಾಕ್ಯ ಓದುತ್ತಾರೆ. ಖಾಲಿ ಜಾಗ ಬಂದಾಗ ‘ಡ್ಯಾಶ್’ ಅನ್ನುತ್ತಾರೆ. ಉಳಿದವರು ಸರಿಯಾದ ಗೋಡೆಗೆ ಓಡಬೇಕು. ‘ಊರಿನ ಡ್ಯಾಶ್ ಭಾಗದಲ್ಲಿ ಒಂದು ಬಾವಿ ಇದೆ’ ಅಂತ ಓದಿದ್ದೇ ತಡ, ಅರ್ಧ ಕ್ಲಾಸು ‘ಮದ್ಯ’ದ ಕಡೆ ಓಡಿತು. ಎದುರು ಗೋಡೆಯಿಂದ ಒಬ್ಬ ಹುಡುಗಿ ಕೂಗಿದಳು: ‘ಲೋ, ನಿಮ್ಮೂರ್ ಬಾವೀಲಿ ಬ್ರಾಂದಿ ಐತೇನ್ರೋ? ಹೊಟ್ಟೆ ಸೀಳಿರೋ ಧ ಬೇಕು ಕಣ್ರೋ, ಇಲ್ಲಿ ಬನ್ನಿ!’ ಕ್ಲಾಸೆಲ್ಲ ನಕ್ಕಿತು. ಆಮೇಲೆ ಎಲ್ಲರೂ ಎದ್ದು ಅಡುಗೆ ಕೋಣೆಯ ಗೋಡೆಯ ಮೇಲೆ ‘ಮಧ್ಯಾಹ್ನದ ಬಿಸಿಯೂಟ’ ಅಂತ ಬರೆದಿರುವುದರಲ್ಲಿ ‘ಧ’ ಸರಿಯಾಗಿದೆಯಾ ಅಂತ ನೋಡಿಕೊಂಡು ಬಂದರು. ಸರಿಯಾಗಿತ್ತು.

ಈ ‘ಡ್ಯಾಶ್’ನಲ್ಲೇ ಎಲ್ಲ ಇದೆ. ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಮಗು ಅರ್ಥ ಹಿಡಿದೇ ಅಕ್ಷರಕ್ಕೆ ಬರಬೇಕು. ಯಾರ ಮನೆಮಾತನ್ನೂ ಆಡಿಕೊಳ್ಳಲು ಅವಕಾಶವೇ ಇಲ್ಲ. ಉಕ್ತಲೇಖನದಲ್ಲಿ ತಲೆ ತಗ್ಗಿಸಿ ಕೂರುವ ಮಕ್ಕಳು ಇಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಾರೆ. ಅದನ್ನು ನೋಡುವುದೇ ನನಗೊಂದು ಖುಷಿ.

ಸಣ್ಣ ಪುಸ್ತಕದ ಒಂದು ಸಲಹೆ ಮಾತ್ರ ನಾನು ಒಪ್ಪುವುದಿಲ್ಲ. ಜೋಡಿಯ ಎರಡೂ ಪದಗಳನ್ನು ಒಟ್ಟಿಗೇ ಕಲಿಸಿ ಅನ್ನುತ್ತದೆ. ಬೆಳೆ-ಬೇಳೆ ಆದರೆ ಸರಿ, ಎರಡೂ ಮಕ್ಕಳು ದಿನಾ ಕಾಣುವ ವಸ್ತುಗಳು. ಆದರೆ ಕರ-ಖರ? ಆರನೇ ತರಗತಿಯ ಮಗುವಿಗೆ ಕರ ಅಂದರೆ ಕೈ, ತೆರಿಗೆ ಅಂತಲೇ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದರ ಪಕ್ಕ ಕತ್ತೆಯನ್ನು ತಂದು ನಿಲ್ಲಿಸಿದರೆ ಎರಡೂ ಕಲಸಿಹೋಗುತ್ತವೆ. ನಾನು ಒಂದು ಪದವನ್ನು ವಾಕ್ಯಗಳಲ್ಲಿ ಚೆನ್ನಾಗಿ ಬಳಸಿ, ಕೆಲವು ದಿನ ಬಿಟ್ಟು ಇನ್ನೊಂದನ್ನು ತರುತ್ತೇನೆ.

ಒಂದು ಕಾರ್ಡನ್ನಂತೂ ತೆಗೆದೇ ಇಟ್ಟಿದ್ದೇನೆ. ‘ಕತೆ’ ತಪ್ಪು, ‘ಕಥೆ’ ಸರಿ ಅಂತ ಅಚ್ಚಾಗಿದೆ. ಎರಡೂ ಸರಿ, ಅರ್ಥವೂ ಒಂದೇ. ಕಥೆ ತತ್ಸಮ, ಕತೆ ತದ್ಭವ. ತತ್ಸಮ-ತದ್ಭವ ಪಾಠ ಮಾಡಿದ ಮೇಲೆ ಮಕ್ಕಳ ಕೈಗೆ ಇಂಥ ಕಾರ್ಡ್ ಕೊಡುವುದು ಹೇಗೆ? ಮುಂದಿನ ಮುದ್ರಣದಲ್ಲಿ ಇದನ್ನು ತಿದ್ದಲೇಬೇಕು.

ಪುಸ್ತಕದ ಕೊನೆಯ ಪುಟ ಮಾತ್ರ ಬಹಳ ಇಷ್ಟವಾಯಿತು. ಹಳಗನ್ನಡದ ಪಾಲ್, ಪುಲಿ, ಪೂ ಈಗ ಹಾಲು, ಹುಲಿ, ಹೂ ಆಗಿವೆ ಅಂತ ತೋರಿಸಿದ್ದಾರೆ. ಏಳನೇ ತರಗತಿಯಲ್ಲಿ ತೆಲುಗು ಗೊತ್ತಿರುವ ಹುಡುಗನೊಬ್ಬ ‘ಸಾರ್, ನಮ್ಮನೇಲಿ ಈಗ್ಲೂ ಪಾಲು ಅಂತಾರೆ’ ಅಂದ. ಈಗ ‘ಹ’ ಬರೆಯಬೇಕಾ ಬೇಡ್ವಾ ಅಂತ ಅನುಮಾನ ಬಂದರೆ ಮಕ್ಕಳು ಅವನನ್ನೇ ಕೇಳುತ್ತಾರೆ: ತೆಲುಗಿನಲ್ಲಿ ‘ಪ’ ಇದ್ದರೆ ಕನ್ನಡದಲ್ಲಿ ‘ಹ’ ಅಂತ ಲೆಕ್ಕ. ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ, ನಡೆಯುವ ಕಡೆ ಚೆನ್ನಾಗಿ ನೆನಪುಳಿಯುತ್ತದೆ.

ಚಕ್ರದಿಂದ ಉಪಯೋಗವಿಲ್ಲ, ಸುಮ್ನೆ ಜಗಳಕ್ಕೆ ದಾರಿ. ಕಾರ್ಡುಗಳು ತೆಳು, ಬೇಗ ಮೂಲೆ ಮಡಚಿಕೊಳ್ಳುತ್ತವೆ. ತಂದ ದಿನವೇ ಲ್ಯಾಮಿನೇಷನ್ ಮಾಡಿಸಿ. ಶಾಲೆಗೆ ಒಂದು ಪೆಟ್ಟಿಗೆ ಸಾಕು. ವಾಕ್ಯಗಳು ಮುಗಿದ ಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಕ್ಕಳಿಂದಲೇ ಹೊಸದನ್ನು ಬರೆಸಿ, ಅವು ಅಚ್ಚಾದ ವಾಕ್ಯಗಳಿಗಿಂತ ಚೆನ್ನಾಗಿರುತ್ತವೆ.